ನೂರಕ್ಕೆ ಎಪ್ಪತ್ತು: ನಾಯಿಗಳ ಲಸಿಕೆ ಕೆಲಸದಲ್ಲಿ ನನ್ನ ಅನುಭವ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನಾನು ಪಶುವೈದ್ಯನಾಗಿದ್ದಾಗ, ಮಣಕವೊಂದು ಮೇವು ಬಿಟ್ಟು ಜೊಲ್ಲು ಸುರಿಸುತ್ತಿದೆ ಎಂದು ಬೆಳಗ್ಗೆಯೇ ಕರೆ ಬಂತು. "ಗಂಟಲದಾಗ ಏನೋ ಸಿಕ್ಕೊಂಡೈತ್ರಿ ಸಾಹೇಬ್ರ, ಕೈ ಹಾಕಿ ನೋಡ್ರಿ" ಎಂದು ಆ ಮನೆಯ ಯಜಮಾನರು ಹೇಳಿದರು. ನಾನು ಬರಿಗೈಯನ್ನೇ ಅದರ ಬಾಯೊಳಗೆ ಮೊಣಕೈವರೆಗೆ ಇಳಿಸಿದೆ. ಏನೂ ಸಿಗಲಿಲ್ಲ. ಮರುದಿನ ಅದರ ಕೂಗು ಒಡೆದ ದನಿಯಾಗಿತ್ತು, ಹಿಂಗಾಲುಗಳು ತಡವರಿಸುತ್ತಿದ್ದವು. ನಾಲ್ಕನೆಯ ದಿನ ಅದು ಸತ್ತಿತು. ಒಂದೂವರೆ ತಿಂಗಳ ಹಿಂದೆ ನಾಯಿಯೊಂದು ಕೊಟ್ಟಿಗೆಗೆ ನುಗ್ಗಿ ಅದರ ಮೂತಿಗೆ ಕಚ್ಚಿತ್ತೆಂಬುದು ಮನೆಯವರಿಗೆ ನೆನಪಾದದ್ದು ಆಮೇಲೆ. ನಾನೂ ಆ ಮನೆಯವರೂ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಂಡು ಉಳಿದೆವು. ಆದರೆ ಸುದ್ದಿ ಹಬ್ಬಿದ ಸಂಜೆಯೇ ಊರಿನವರು ದೊಣ್ಣೆ ಹಿಡಿದು ಬೀದಿಯಲ್ಲಿ ಕಂಡ ನಾಯಿಗಳನ್ನೆಲ್ಲ ಹೊಡೆದು ಹಾಕಿದರು. ಮರಿ ಹಾಕಿದ್ದ ಒಂದು ಹೆಣ್ಣು ನಾಯಿಯೂ ಅದರಲ್ಲಿ ಸೇರಿತ್ತು.

ಆ ಜನರನ್ನು ಕ್ರೂರಿಗಳೆಂದು ನಾನು ಇಂದಿಗೂ ಕರೆಯಲಾರೆ. ಅವರ ಮನೆಗಳಲ್ಲಿ ಮಕ್ಕಳಿದ್ದರು. ರೇಬೀಸಿನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂದು ಅಂದಾಜಿದ್ದು, ಬಹುತೇಕ ಎಲ್ಲ ಸಾವುಗಳಿಗೂ ನಾಯಿಯ ಕಡಿತವೇ ಮೂಲವಾಗಿದೆ. ಆದರೆ ಹೊಡೆದು ಕೊಲ್ಲುವುದರಿಂದ ರೋಗ ನಿಲ್ಲುವುದಿಲ್ಲ. ತೆರವಾದ ಓಣಿಗೆ ಹೊಸ ನಾಯಿಗಳು ಬರುತ್ತವೆ, ಉಳಿದವು ಮರಿ ಹಾಕುತ್ತವೆ, ಅವುಗಳಲ್ಲಿ ಒಂದಕ್ಕೂ ರೋಗ ತಡೆಯುವ ಶಕ್ತಿ ಇರುವುದಿಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದು, ಅದು ವರ್ಷವರ್ಷವೂ ನಡೆದರೆ, ರೋಗಾಣುವಿಗೆ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುವ ದಾರಿ ಮುಚ್ಚುತ್ತದೆ. ಬೀದಿನಾಯಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅದರ ಬಗೆಗಿನ ಭಯವನ್ನು ತೆಗೆಯುವುದು, ಆ ಭಯವನ್ನು ತೆಗೆಯಬಲ್ಲದ್ದು ಲಸಿಕೆ ಎಂಬ ತಿಳಿವಳಿಕೆಯಿಂದಲೇ ನಾನು ಗಳಿಕೆ ರಜೆ ಹಾಕಿ ಸ್ವಯಂಸೇವಕನಾಗಿ ಹೊರಟೆ.

ಮೊದಲು ಹೋದದ್ದು ಗೋವಾಕ್ಕೆ. ಬ್ರಿಟನ್ನಿನ ಪಶುವೈದ್ಯ ಲ್ಯೂಕ್ ಗ್ಯಾಂಬಲ್ ಅವರು 2013ರಲ್ಲಿ ಭಾರತದಲ್ಲಿ ಆರಂಭಿಸಿದ ಮಿಷನ್ ರೇಬೀಸ್ ಸಂಸ್ಥೆ ಅಲ್ಲಿ ರಾಜ್ಯ ಸರ್ಕಾರದೊಂದಿಗೆ ಸೇರಿ ಲಸಿಕೆ ಹಾಕುತ್ತಿತ್ತು. ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು 2021ರಲ್ಲಿ ಘೋಷಿಸುವುದಕ್ಕೆ ಆ ವರ್ಷಗಳ ದುಡಿಮೆ ಕಾರಣವಾಯಿತು. ಇಪ್ಪತ್ತು ವರ್ಷ ದನ, ಎಮ್ಮೆ, ಕುರಿಗಳನ್ನು ಮುಟ್ಟಿದ್ದ ನಾನು ಅಲ್ಲಿ ಬಲೆ ಹಿಡಿಯುವ ಹುಡುಗರ ಮುಂದೆ ವಿದ್ಯಾರ್ಥಿಯಾದೆ. ಉದ್ದ ಹಿಡಿಕೆಯ ತುದಿಗೆ ಲೋಹದ ಬಳೆ, ಬಳೆಗೆ ಆಳವಾದ ಬಲೆ, ಇಷ್ಟೇ ಉಪಕರಣ. ಅದನ್ನು ಬೆನ್ನ ಹಿಂದೆ ತಗ್ಗಿಸಿ ಹಿಡಿದು, ನಾಯಿಯನ್ನು ನೇರವಾಗಿ ನೋಡದೆ, ಬೇರೆಲ್ಲಿಗೋ ಹೋಗುವವರಂತೆ ಅವರು ನಡೆಯುತ್ತಿದ್ದರು. ಇಬ್ಬರು ಓಣಿಯ ಎರಡು ತುದಿಗಳಲ್ಲಿ ನಿಲ್ಲುತ್ತಿದ್ದರು, ಮೂರನೆಯವನು ನಾಯಿ ತಾನಾಗಿ ತಮ್ಮ ಕಡೆ ತಿರುಗುವಷ್ಟು ಮಾತ್ರ ಹತ್ತಿರ ಬರುತ್ತಿದ್ದ. ಬಲೆ ಬಿದ್ದ ತಕ್ಷಣ ಬಳೆಯನ್ನು ನೆಲಕ್ಕೊತ್ತಿ ಬಲೆಯನ್ನು ಒಂದು ಸುತ್ತು ತಿರುವಿದರೆ ನಾಯಿ ಅಲುಗಾಡದೆ ನಿಲ್ಲುತ್ತದೆ. ಆಗ ಬಲೆಯ ಹೊರಗಿನಿಂದಲೇ ತೊಡೆಗೆ ಸೂಜಿ, ನೆತ್ತಿಗೆ ಅಪಾಯವಿಲ್ಲದ ಬಣ್ಣದ ಒಂದು ಗೆರೆ, ಫೋನಿನ ಆ್ಯಪ್‌ನಲ್ಲಿ ಸ್ಥಳದ ಗುರುತು, ಬಿಡುಗಡೆ. ಎಲ್ಲ ಸೇರಿ ಒಂದು ನಿಮಿಷದೊಳಗೆ ಮುಗಿಯಬೇಕು. ಬಿಸಿಲಿನಲ್ಲಿ ಹೆದರಿ ಒದ್ದಾಡುವ ನಾಯಿಯ ಮೈ ಕಾವು ಬಹಳ ಬೇಗ ಏರುತ್ತದೆ.

ಎರಡನೆಯ ದಿನವೇ ನಾನು ಈ ಪಾಠವನ್ನು ಮರೆತೆ. ಬಲೆಯಿಂದ ತಪ್ಪಿಸಿಕೊಂಡ ಕೆಂದು ನಾಯಿಯೊಂದನ್ನು ಹಟ ಹಿಡಿದು ಅಟ್ಟಿಸಿಕೊಂಡು ಹೋದಾಗ, ಅದು ಬೊಗಳುತ್ತ ಓಡಿದ ಕಡೆಯಲ್ಲೆಲ್ಲ ಮಲಗಿದ್ದ ನಾಯಿಗಳು ಎದ್ದು ಚದುರಿದವು, ಅಂಗಳದಲ್ಲಿ ನಿಂತು ನೋಡುತ್ತಿದ್ದ ಅಜ್ಜಿಯೊಬ್ಬರು ಗೇಟು ಹಾಕಿಕೊಂಡರು. ಆ ಓಣಿಯಲ್ಲಿ ಅಂದು ಮತ್ತೊಂದು ನಾಯಿಗೂ ಲಸಿಕೆ ಬೀಳಲಿಲ್ಲ. ತಪ್ಪಿಸಿಕೊಂಡ ನಾಯಿಯನ್ನು ಅಂದಿಗೆ ಅಲ್ಲಿಗೇ ಬಿಡಬೇಕು. ನಾಯಿಯನ್ನು ನಾವು ಹಿಡಿಯುವ ರೀತಿಯನ್ನು ಇಡೀ ಓಣಿ ನೋಡುತ್ತಿರುತ್ತದೆ, ಮುಂದಿನ ವರ್ಷ ಅದೇ ಗೇಟಿನ ಮುಂದೆ ನಾವು ನಿಲ್ಲಬೇಕಾಗುತ್ತದೆ.

ಮುಂದಿನ ರಜೆಯಲ್ಲಿ ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರಕ್ಕೆ ಹೋದೆ. 2015ರಲ್ಲಿ ಈ ನಗರದಲ್ಲಿ 20 ದಿನಗಳಲ್ಲಿ 35,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕಿದ್ದರು. ಅಲ್ಲಿನ ಕ್ವೀನ್ ಎಲಿಜಬೆತ್ ಕೇಂದ್ರ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ರೇಬೀಸಿನಿಂದ ಸಾಯುತ್ತಿದ್ದ ಮಕ್ಕಳ ಸಂಗತಿಯೇ ಆ ಕೆಲಸಕ್ಕೆ ಪ್ರೇರಣೆ. ಅಲ್ಲಿ ಬಲೆಯ ಅಗತ್ಯ ಕಡಿಮೆ, ಏಕೆಂದರೆ ಬೀದಿಯಲ್ಲಿ ತಿರುಗುವ ನಾಯಿಗಳಲ್ಲೂ ಹೆಚ್ಚಿನವಕ್ಕೆ ಯಜಮಾನರಿರುತ್ತಾರೆ. ಶನಿವಾರ, ಭಾನುವಾರ ಶಾಲೆಯ ಬಯಲಿನಲ್ಲಿ ಮೇಜು ಹಾಕಿದರೆ ಮಕ್ಕಳೇ ನಾಯಿಗಳನ್ನು ಕರೆತರುತ್ತಾರೆ. ಹಗ್ಗ, ತಂತಿ, ಬಟ್ಟೆಯ ಪಟ್ಟಿ, ಸೈಕಲ್ ಟ್ಯೂಬು, ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿಕೊಂಡು ಬರುತ್ತಾರೆ. ಗುಡ್ಡದ ಇಳಿಜಾರಿಗೆ ಒತ್ತಾಗಿ ಮನೆಗಳಿರುವ ಎನ್‌ಡಿರಾಂಡೆ ಬಡಾವಣೆಯಲ್ಲಿ, ತನ್ನಷ್ಟೇ ತೂಕದ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದ ಹುಡುಗನೊಬ್ಬ ಸೂಜಿ ಚುಚ್ಚುವಾಗ ಅದರ ಕಣ್ಣುಗಳನ್ನು ತನ್ನ ಅಂಗೈಯಿಂದ ಮುಚ್ಚಿ ಹಿಡಿದಿದ್ದ. ಹೊರಡುವಾಗ "ಝಿಕೋಮೊ" ಎಂದ. ಅಲ್ಲಿನ ಚಿಚೆವಾ ಭಾಷೆಯಲ್ಲಿ ಅದು ಧನ್ಯವಾದ.

ಬಂದ ನಾಯಿಗಳಲ್ಲಿ ಪಕ್ಕೆಲುಬು ಕಾಣುವಂಥವು, ಉಣ್ಣಿ ಹತ್ತಿದವು, ತಂತಿ ಕುತ್ತಿಗೆಯ ಚರ್ಮಕ್ಕೆ ಇಳಿದಿದ್ದವು ಬಹಳ ಇದ್ದವು. ತಂತಿಯನ್ನು ಕತ್ತರಿಸಿ ಬಟ್ಟೆಯ ಪಟ್ಟಿ ಕಟ್ಟಿ ಕಳಿಸುತ್ತಿದ್ದೆ. ಉಳಿದುದಕ್ಕೆಲ್ಲ ಚಿಕಿತ್ಸೆಗೆ ಕೂತರೆ ಸಾಲಿನ ಕೊನೆಯ ನಾಯಿಗಳು ಲಸಿಕೆಯಿಲ್ಲದೆ ಮನೆಗೆ ಹೋಗುತ್ತವೆ. ಈ ಲೆಕ್ಕಾಚಾರ ಸರಿಯೆಂದು ಗೊತ್ತಿದ್ದರೂ ವೈದ್ಯನಾದವನಿಗೆ ಅದು ಸುಲಭವಲ್ಲ, ಸುಲಭವಾಗಬಾರದು ಕೂಡ. ಒಂದು ಮಧ್ಯಾಹ್ನ ಆ ಗಡಿಬಿಡಿಯಲ್ಲಿ ನಾನು ಲಸಿಕೆಯ ಐಸ್ ಪೆಟ್ಟಿಗೆಯ ಮುಚ್ಚಳವನ್ನು ಸರಿಯಾಗಿ ಹಾಕಲಿಲ್ಲ. 2ರಿಂದ 8 ಡಿಗ್ರಿಯಲ್ಲಿರಬೇಕಾದ ಸೀಸೆಗಳ ಪಕ್ಕದ ಥರ್ಮಾಮೀಟರು ಅದಕ್ಕಿಂತ ಬಹಳ ಮೇಲೇರಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೆಂದು ತಿಳಿಯದ ಕಾರಣ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಬಳಸದೆ ತೆಗೆದಿಟ್ಟು, ಬೇರೆ ಪೆಟ್ಟಿಗೆ ಬರುವವರೆಗೆ ಸಾಲನ್ನು ಬಿಸಿಲಿನಲ್ಲಿ ನಿಲ್ಲಿಸಬೇಕಾಯಿತು. ಅಂದಿನಿಂದ ಗಂಟೆಗೊಮ್ಮೆ ಥರ್ಮಾಮೀಟರು ಓದಿ ಬರೆಯುವ ಕೆಲಸವನ್ನು ಒಬ್ಬರಿಗೇ ಒಪ್ಪಿಸುತ್ತೇನೆ.

ಶಾಲೆಯ ಬಯಲಿಗೆ ಬಾರದ ನಾಯಿಗಳಿಗಾಗಿ ವಾರದ ದಿನಗಳಲ್ಲಿ ಮನೆ ಮನೆಗೆ ಹೋಗುತ್ತೇವೆ. ಅದಾದ ಮೇಲೆ ಎಣಿಕೆ. ನಸುಕಿನಲ್ಲಿ ಬೈಕಿನ ಮೇಲೆ ನಿಧಾನವಾಗಿ ಬೀದಿ ಬೀದಿ ಸುತ್ತಿ, ಕಂಡ ಪ್ರತಿ ನಾಯಿಯ ನೆತ್ತಿಯಲ್ಲಿ ಬಣ್ಣವಿದೆಯೇ ಇಲ್ಲವೇ ಎಂದು ಗುರುತು ಹಾಕಿಕೊಳ್ಳುವ ಈ ಕೆಲಸ ನೋಡುವವರಿಗೆ ಸಪ್ಪೆಯಾಗಿ ಕಂಡೀತು. ನನ್ನ ಮಟ್ಟಿಗೆ ಇಡೀ ಅಭಿಯಾನದ ಜೀವ ಇರುವುದು ಇಲ್ಲಿ. ಎಷ್ಟು ಸೂಜಿ ಹಾಕಿದೆವೆಂಬುದು ನಮ್ಮ ದಣಿವಿನ ಲೆಕ್ಕ. ಬಣ್ಣವಿಲ್ಲದ ನಾಯಿಗಳು ಎಷ್ಟು ಉಳಿದವೆಂಬುದು ರೋಗದ ಲೆಕ್ಕ. ಒಂದು ವಠಾರ ಚೆನ್ನಾಗಿ ಮುಗಿಯಿತೆಂದು ನಾವು ಸಂತೋಷದಲ್ಲಿದ್ದಾಗ ಮರುದಿನದ ಎಣಿಕೆ ಎಪ್ಪತ್ತನ್ನು ಮುಟ್ಟಲಿಲ್ಲ. ಯಜಮಾನರು ಬೆಳಗ್ಗೆಯೇ ಕೂಲಿಗೆ ಹೋಗುವ ಮನೆಗಳು ಅಲ್ಲಿ ಹೆಚ್ಚಿದ್ದು, ನಾವು ಹೋದ ಹೊತ್ತಿಗೆ ನಾಯಿ ಹಿಡಿದುಕೊಡುವವರು ಯಾರೂ ಇರುತ್ತಿರಲಿಲ್ಲ. ಸಂಜೆ ಐದರ ನಂತರ ಮತ್ತೆ ಹೋದೆವು, ಗೆರೆ ದಾಟಿತು.

ಈ ಕೆಲಸಕ್ಕೆ ಹೊರಡುವ ಕಿರಿಯ ಪಶುವೈದ್ಯರು ಕೇಳಿದಾಗ ನಾನು ಮೊದಲು ಹೇಳುವುದು, ಹೊರಡುವ ಮುನ್ನವೇ ನಿಮ್ಮ ರೇಬೀಸ್ ಲಸಿಕೆಗಳನ್ನು ಹಾಕಿಸಿಕೊಳ್ಳಿ ಎಂದು. ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಮುಂಚೆ ಲಸಿಕೆಯಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಅರಿಶಿನ, ಖಾರದ ಪುಡಿ, ಸುಣ್ಣ ಹಚ್ಚುವ ರೂಢಿ ನಮ್ಮ ಕಡೆ ಇನ್ನೂ ಇರುವುದರಿಂದ ಇದನ್ನು ಒತ್ತಿ ಹೇಳುತ್ತೇನೆ.

ಹಾವೇರಿಯ ಅದೇ ಹಳ್ಳಿಯಲ್ಲಿ ಈಗ ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಲಸಿಕೆ ಹಾಕುತ್ತೇವೆ. ಮಣಕ ಕಳೆದುಕೊಂಡ ಮನೆಯ ಯಜಮಾನರ ಮಗನೇ ಬಲೆ ಹಿಡಿಯುತ್ತಾನೆ. ಓಡಿಹೋದ ನಾಯಿಯನ್ನು ಬೆನ್ನಟ್ಟಬಾರದೆಂದು ಅವನಿಗೆ ಹೇಳಿಕೊಡಬೇಕಾಗಲಿಲ್ಲ. ಈ ಸಲದ ಎಣಿಕೆಯಲ್ಲಿ ಊರೆಲ್ಲ ಎಪ್ಪತ್ತು ದಾಟಿದೆ, ಬಸ್ ನಿಲ್ದಾಣದ ಹಿಂದಿನ ಓಣಿಯೊಂದು ಬಿಟ್ಟು. ಅಲ್ಲಿನ ನಾಯಿಗಳು ರಾತ್ರಿ ಖಾನಾವಳಿ ಮುಚ್ಚಿದ ಮೇಲೆ ಮಾತ್ರ ಸೇರುತ್ತವಂತೆ. ನಾಳೆ ಹತ್ತು ಗಂಟೆಯ ನಂತರ ಟಾರ್ಚು ಹಿಡಿದು ಹೋಗುವುದೆಂದು ಮಾತಾಗಿದೆ.