ಹಳೆ ಕಾರಿನ ಡೋರ್ ಲಾಕ್ ಕೈಕೊಟ್ಟಿತೇ? ಮೋಟಾರ್ ಬದಲಿಸುವ ಮೊದಲು ವೈರ್ ನೋಡಿ

ಸ್ವಿಚ್ ಒತ್ತಿದರೆ ಮೂರು ಬಾಗಿಲು ಟಕ್ ಅಂತ ಲಾಕ್ ಆಗುತ್ತವೆ, ಒಂದು ಮಾತ್ರ ಸುಮ್ನೆ ಕೂತಿರುತ್ತದೆ. ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ ಇದು ಮಾಮೂಲು. ನನ್ನ ಹಳೆ ಕಾರಿಗೆ ಹೊಸ ಲಾಕ್ ಮೋಟಾರ್ ಹಾಕಿಸಿದೆ. ಎರಡೇ ವಾರಕ್ಕೆ ಮತ್ತೆ ಅದೇ ಕತೆ. ಕೊನೆಗೆ ನೋಡಿದರೆ ಮುರಿದಿದ್ದದ್ದು ಒಂದು ವೈರ್!

ಶುರು ಮಾಡುವ ಮೊದಲು ಗಾಜು ಇಳಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಕಾರು ತಾನೇ ಲಾಕ್ ಆಗಿಬಿಟ್ಟರೆ ಕಷ್ಟ ಅಲ್ವಾ?

ಈಗ ಕಿವಿಗೊಟ್ಟು ಕೇಳಿ. ಯಾವ ಬಾಗಿಲೂ ಸದ್ದು ಮಾಡದಿದ್ದರೆ ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದು ಹಾಕಿ, ದೊಡ್ಡದು ಬೇಡವೇ ಬೇಡ. ಮತ್ತೆ ಸುಟ್ಟರೆ ಎಲ್ಲೋ ವೈರ್ ಸವೆದು ಕಾರಿನ ತಗಡಿಗೆ ತಾಗುತ್ತಿರಬಹುದು. ಮೋಟಾರ್ ಸದ್ದು ಜೋರಾಗಿದ್ದೂ ಲಾಕ್ ಅಲುಗದಿದ್ದರೆ ಒಳಗಿನ ಕಂಬಿ ಕ್ಲಿಪ್‌ನಿಂದ ಕಳಚಿರಬಹುದು. ಎಲ್ಲ ಬಾಗಿಲುಗಳೂ ನಿಧಾನವಾದರೆ ಮೊದಲು ಬ್ಯಾಟರಿ ನೋಡಿ.

ಒಂದೇ ಬಾಗಿಲಿನ ತೊಂದರೆಯಾದರೆ ಹಿಂಜ್ ಹತ್ತಿರ ಬಾಗಿಲಿಗೂ ಅದನ್ನು ಹಿಡಿದಿರುವ ಕಾರಿನ ಕಂಬಕ್ಕೂ ನಡುವೆ ಇರುವ ರಬ್ಬರ್ ಕೊಳವೆಯ ಕಡೆ ಹೋಗಿ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಒಳಗಿನ ವೈರ್‌ಗಳು ಮಡಚುತ್ತವೆ. ಡ್ರೈವರ್ ಬಾಗಿಲಿಗಂತೂ ಈ ಕಾಟ ಜಾಸ್ತಿ. ಒಬ್ಬರು ಸ್ವಿಚ್ ಒತ್ತುತ್ತಿರಲಿ, ನೀವು ಬಾಗಿಲನ್ನು ನಿಧಾನಕ್ಕೆ ಅತ್ತಿತ್ತ ಆಡಿಸಿ. ಒಂದು ಕೋನದಲ್ಲಿ ಲಾಕ್ ಕೆಲಸ ಮಾಡಿ, ಇನ್ನೊಂದರಲ್ಲಿ ಮಾಡದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಕೊಳವೆ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ. ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಕಾಣುತ್ತದೆ, ಆದರೆ ತಾಮ್ರ ತುಂಡಾದ ಜಾಗ ರಬ್ಬರಿನಂತೆ ಹಿಗ್ಗುತ್ತದೆ.

ಅಲ್ಲಿ ಸಿಗದಿದ್ದರೆ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಬದಿಯ ಹೊದಿಕೆ, ಬಿಚ್ಚಿ. ಮಾರುತಿ 800ರಂಥ ಕಾರುಗಳಿಗೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಲಾಕ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಮೋಟಾರಿಗೆ ಐದು ವೈರ್, ಉಳಿದವಕ್ಕೆ ಎರಡೆರಡು. ಲಾಕ್ ಒತ್ತಿದಾಗ ಎರಡರಲ್ಲಿ ಒಂದಕ್ಕೆ ಕ್ಷಣಕಾಲ 12 ವೋಲ್ಟ್ ಬರುತ್ತದೆ, ಅನ್‌ಲಾಕ್ ಒತ್ತಿದಾಗ ಇನ್ನೊಂದಕ್ಕೆ. ಇಲ್ಲಿ ವೋಲ್ಟ್ ಅಳೆಯುವ ಮೀಟರನ್ನು ಪೂರ್ತಿ ನಂಬಬೇಡಿ. ಒಂದೇ ಎಳೆ ಉಳಿದ ವೈರ್ ಕೂಡ ಮೀಟರಿನಲ್ಲಿ 12 ವೋಲ್ಟ್ ತೋರಿಸುತ್ತದೆ, ಮೋಟಾರ್ ತಿರುಗಿಸಲು ಮಾತ್ರ ಅದಕ್ಕೆ ಶಕ್ತಿ ಸಾಲದು. ಬದಲಿಗೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬನ್ನು ಎರಡೂ ವೈರ್‌ಗಳಿಗೆ ಅಡ್ಡ ಹಿಡಿಯಿರಿ. ಮಂಕಾಗಿ ಮಿನುಗಿದರೆ ವೈರಿನ ತಪ್ಪು. ಪ್ರಖರವಾಗಿ ಮಿನುಗಿಯೂ ಮೋಟಾರ್ ಅಲುಗದಿದ್ದರೆ ಆಗ ಹೊಸ ಮೋಟಾರ್ ತನ್ನಿ.

ರಿಪೇರಿ ಮಾಡುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಮುರಿದ ಭಾಗ ಕತ್ತರಿಸಿ ಅಷ್ಟೇ ದಪ್ಪದ, ಎಳೆಎಳೆಯಾದ ಮೆತ್ತನೆ ವೈರ್ ಸೇರಿಸಿ. ಬೆಸುಗೆ ಆ ರಬ್ಬರ್ ಕೊಳವೆಯೊಳಗೆ ಬರಬಾರದು. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಮಡಚಿದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಹಾಗಾಗಿ ಒಂದು ಜೋಡಣೆ ಬಾಗಿಲೊಳಗೆ, ಇನ್ನೊಂದು ಕಂಬದ ಒಳಗೆ ಇರಲಿ. ಸುತ್ತಲು ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಇನ್ಸುಲೇಶನ್ ಟೇಪ್ ಬೇಸಿಗೆ ಬಿಸಿಲಿಗೆ ಅಂಟು ಬಿಡುತ್ತದೆ.

ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿ, ಇಲ್ಲದಿದ್ದರೆ ಮಳೆ ನೀರು ಒಳಗೆ ಬರುತ್ತದೆ. ಪ್ಯಾಡ್ ಕೂರಿಸುವ ಮೊದಲು ಗಾಜು ಇಳಿಸಿ ಏರಿಸಿ ನೋಡಿ, ಹೊಸ ವೈರ್ ಅದರ ದಾರಿಗೆ ಅಡ್ಡ ಬರಬಾರದು. ಆಮೇಲೆ ಬಾಗಿಲನ್ನು ಇಪ್ಪತ್ತು ಸಲ ತೆಗೆದು ಹಾಕಿ, ಪ್ರತಿ ಸಲವೂ ಲಾಕ್ ಒತ್ತಿ.