ಅಟ್ಟದ ಹಳೇ ಪುಸ್ತಕದಲ್ಲಿ ಹೆಂಗಸರ ಕೆಲಸ ಹುಡುಕುವುದು ಹೇಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಟ್ಟದಲ್ಲಿ ಪುಸ್ತಕದ ಪೆಟ್ಟಿಗೆಯೊಂದಿದೆ. ನಿಮ್ಮಲ್ಲೂ ಇದ್ದರೆ ಮಳೆಗಾಲದಲ್ಲಿ ಬಿಚ್ಚಬೇಡಿ. ಥಂಡಿಗೆ ಹಾಳೆ ಅಂಟಿಕೊಂಡಿರುತ್ತದೆ, ಎಳೆದರೆ ಹರಿಯುತ್ತದೆ. ಬೇಸಿಗೆಯಲ್ಲಿ, ನೆರಳಲ್ಲಿ ತೆಗೆಯಿರಿ. ಧೂಳಿಗೆ ಮೆತ್ತಗಿನ ಬ್ರಶ್ ಸಾಕು. ಸೆಲ್ಲೋಟೇಪ್ ಮಾತ್ರ ಹಚ್ಚಲೇಬೇಡಿ.

ಬರೆದವರ ಹೆಸರು ನೋಡಿ ಸುಮ್ನೆ ಮುಚ್ಚಿಡಬೇಡಿ. ಪ್ರಕಟಿಸಿದವರು ಯಾರು ಅಂತಲೂ ನೋಡಿ. ಕನ್ನಡದ ಲೇಖಕಿ ನಂಜನಗೂಡು ತಿರುಮಲಾಂಬ ಬಾಲ್ಯದಲ್ಲೇ ವಿಧವೆಯಾದವರು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ ತಾವೇ ಪುಸ್ತಕ ಹೊರತಂದರು. ಲೇಖಕಿ ಅಂತಷ್ಟೇ ಹುಡುಕಿದರೆ ಆ ದುಡಿಮೆ ಕಣ್ಣಿಗೇ ಬೀಳುವುದಿಲ್ಲ, ಅಲ್ವಾ?

ಹಾಡಿನ ಪುಸ್ತಕಕ್ಕೆ ಜಾಸ್ತಿ ಹೊತ್ತು ಕೊಡಿ. ಸಂಗ್ರಹಿಸಿದವರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಹಾಡಿದ ಹೆಂಗಸಿನ ಹೆಸರು ಮುನ್ನುಡಿಯ ಕೊನೆಗೆ ಸಿಕ್ಕರೆ ಸಿಕ್ಕಿತು. ಸಿಕ್ಕಿದರೆ ಕೂಡಲೇ ಬರೆದಿಟ್ಟುಕೊಳ್ಳಿ.

ಪುಟದ ಅಂಚನ್ನೂ ಬಿಡಬೇಡಿ. ನಮ್ಮ ಅಜ್ಜಿಯ ಶೋಭಾನೆ ಪುಸ್ತಕದಲ್ಲಿ ಅರಿಶಿನದ ಹೆಬ್ಬೆಟ್ಟಿನ ಗುರುತಿದೆ. ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಒಂದು ಸಾಲು ತಿದ್ದಿ, ‘ನಾವು ಹೇಳುವುದು ಹೀಗೆ’ ಅಂತ ಬರೆದಿದ್ದಾರೆ. ನನಗೆ ಅಚ್ಚಾದ ಸಾಲಿಗಿಂತ ಅದೇ ದೊಡ್ಡದು. ಇಂಥದ್ದನ್ನು ಒರೆಸಬೇಡಿ. ಮುಖಪುಟ, ಅಚ್ಚುಕೂಟದ ಹೆಸರು, ಆಣೆಯಲ್ಲಿರುವ ಬೆಲೆ ಎಲ್ಲಾ ಸೇರಿಸಿ ಫೋಟೋ ತೆಗೆದಿಡಿ. ಮನೆಯ ಹಿರಿಯರಿಗೆ ತೋರಿಸಿ, ಅದು ಯಾರ ಅಕ್ಷರ ಅಂತ ಇವತ್ತೇ ಕೇಳಿ.