ಗೋಡೆ ಒಳಗೆ ನೀರು ಹರಿಯೋ ಸದ್ದು, ಕಾರಣ ಸಿಕ್ತು

ಎಲ್ಲಾ ನಲ್ಲಿ ಬಂದ್ ಮಾಡಿದ್ರೂ ಗೋಡೆ ಒಳಗೆ ನೀರು ಹರಿಯೋ ಸದ್ದು, ಎಲ್ಲೂ ತೇವ ಇಲ್ಲ, ಫ್ಲಶ್ ಟ್ಯಾಂಕಿಗೆ ಅರಿಶಿನ ಕಲಸಿ ನೋಡ್ದೆ, ಕಮೋಡಿಗೆ ಬಣ್ಣ ಇಳೀಲಿಲ್ಲ, ಅಂದ್ರೆ ಫ್ಲಶ್ ಸೋರ್ತಿಲ್ಲ. ಆಮೇಲೆ ಮೇಲಿನ ಟ್ಯಾಂಕಿಂದ ಮನೆಗೆ ಇಳಿಯೋ ಗೇಟ್ ವಾಲ್ವ್ ಪೂರ್ತಿ ಮುಚ್ಚಿದೆ, ಆದ್ರೂ ಸದ್ದು ನಿಲ್ಲಲಿಲ್ಲ! ಅಲ್ಲಿಗೆ ಉಳಿದಿದ್ದು ಸಂಪಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸೋ ಮೋಟರ್ ಪೈಪ್ ಒಂದೇ. ಸಂಪ್ ಮುಚ್ಚಳ ತೆಗೆದು ನೋಡಿದ್ರೆ ಮೋಟರ್ ಆಫ್ ಇದ್ರೂ, ಬೀದಿ ನೀರು ಬರದೇ ಇದ್ರೂ ಮಟ್ಟ ಏರ್ತಾ ಇದೆ. ಪೈಪಿನ ಮೇಲಿನ ತುದಿ ಟ್ಯಾಂಕ್ ನೀರಲ್ಲಿ ಮುಳುಗಿತ್ತು, ಕೆಳಗೆ ನೀರು ವಾಪಸ್ ಇಳಿಯದ ಹಾಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಸವೆದಿತ್ತು, ಹಾಗಾಗಿ ಮೋಟರ್ ನಿಂತ ತಕ್ಷಣ ಸೈಫನ್ ಆಗಿ, ಅಂದ್ರೆ ಪೈಪೇ ಟ್ಯಾಂಕ್ ನೀರನ್ನ ಕೆಳಕ್ಕೆ ಎಳ್ಕೊಂಡು, ಏರಿಸಿದ ನೀರು ಸಂಪಿಗೆ ವಾಪಸ್. ಪ್ಲಂಬರ್ ಹತ್ರ ಹೊಸ ವಾಲ್ವ್ ಹಾಕಿಸ್ದೆ, ಪೈಪ್ ತುದಿನೂ ನೀರಿನ ಮಟ್ಟಕ್ಕಿಂತ ಮೇಲೆ ಕಟ್ ಮಾಡಿಸ್ದೆ. ದಯವಿಟ್ಟು ಎರಡೂ ಮಾಡ್ಸಿ, ವಾಲ್ವಲ್ಲಿ ಸ್ವಲ್ಪ ಮರಳು ಸಿಕ್ಕಿದ್ರೂ ಮತ್ತೆ ಸೋರುತ್ತೆ.